ಹಟ್ಟಿಯ ಆಳ, ಹಟ್ಟಿಯ ಆಯುಷ್ಯ

2001ರಲ್ಲಿ ಕೋಲಾರದ ಚಿನ್ನದ ಗಣಿಗಳು ಮುಚ್ಚಿದವು. ಔನ್ಸ್ ಚಿನ್ನಕ್ಕೆ 300 ಡಾಲರ್ ಕೂಡ ಸಿಗದ ಕಾಲವದು. ರಾಯಚೂರು ಜಿಲ್ಲೆಯ ಹಟ್ಟಿ ಗಣಿಯೂ ಅದೇ ಬೆಲೆಗೆ ಚಿನ್ನ ಮಾರುತ್ತಿತ್ತು. ಆದರೂ ಹಟ್ಟಿ ಉಳಿಯಿತು. ಇವತ್ತು ದೇಶದ ಗಣಿಗಳಿಂದ ಬರುವ ಚಿನ್ನದ ಬಹುಪಾಲು ಹಟ್ಟಿಯದ್ದೇ. ಚಿನ್ನದ ದರ ಕಂಡು ಕೇಳರಿಯದಷ್ಟು ಏರಿರುವ ಈ ಹೊತ್ತಿನಲ್ಲಿ, ಗಣಿ ನಡೆದುಬಂದ ದಾರಿಯನ್ನು ಒಮ್ಮೆ ತಿರುಗಿ ನೋಡಬೇಕು.

ಇಲ್ಲಿ ಚಿನ್ನ ತೆಗೆದವರಲ್ಲಿ ನಾವು ಮೊದಲಿಗರಲ್ಲ. ಬಂಡೆಗೆ ಬೆಂಕಿಯಿಟ್ಟು, ಕಾದ ಕಲ್ಲಿಗೆ ನೀರೆರಚಿ ಬಿರುಕು ಬಿಡಿಸುತ್ತ ಸುಮಾರು 2,000 ವರ್ಷಗಳ ಹಿಂದಿನವರು 600 ಅಡಿಗೂ ಆಳಕ್ಕೆ ಇಳಿದಿದ್ದರು. ಮದ್ದಿಲ್ಲ, ಪಂಪಿಲ್ಲ. ಆ ಆಳದಲ್ಲಿ ಅವರು ಹೇಗೆ ಉಸಿರಾಡಿದರೋ! ಎಷ್ಟೋ ಕಾಲದ ನಂತರ ಬ್ರಿಟಿಷ್ ಕಂಪನಿಯೊಂದು ಇಲ್ಲಿ ಗಣಿ ನಡೆಸಿತು, ಅದೂ 1920ರ ಹೊತ್ತಿಗೆ ನಿಂತುಹೋಯಿತು.

1947ರ ಜುಲೈನಲ್ಲಿ, ರಾಯಚೂರು ಇನ್ನೂ ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿದ್ದಾಗಲೇ, ಹಟ್ಟಿ ಗಣಿಗಾಗಿ ಹೈದರಾಬಾದ್ ಚಿನ್ನದ ಗಣಿ ಕಂಪನಿ ಹುಟ್ಟಿತು. ಮರುವರ್ಷ ನಿಜಾಮರ ಆಳ್ವಿಕೆ ಕೊನೆಗೊಂಡಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ರಾಯಚೂರಿನ ಜತೆ ಗಣಿಯೂ ಮೈಸೂರು ರಾಜ್ಯಕ್ಕೆ ಬಂತು. ಕಂಪನಿಗೆ ಮುಂದೆ ಹಟ್ಟಿಯ ಹೆಸರೇ ನಿಂತಿತು.

ಆಮೇಲಿನ ದಶಕಗಳ ಚರಿತ್ರೆಯೆಂದರೆ ಕೆಳಗೆ ಕೆಳಗೆ ಕೊರೆಯುತ್ತ ಹೋದದ್ದು. ಹಟ್ಟಿಯಲ್ಲಿ ಚಿನ್ನದ ಪದರ ಒಂದೇ ಅಲ್ಲ. ಓಕ್ಲೀಸ್ ರೀಫ್, ಸ್ಟ್ರೈಕ್ ರೀಫ್, ವಿಲೇಜ್ ರೀಫ್ ಎಂದು ಹಲವು ಪದರಗಳು ಅಕ್ಕಪಕ್ಕದಲ್ಲಿ ಕಡಿದಾಗಿ ಕೆಳಗಿಳಿದಿವೆ. ಅವನ್ನು ಮುಟ್ಟಲು ಮಲ್ಲಪ್ಪ ಶಾಫ್ಟ್‌ನಂಥ ಬಾವಿಯನ್ನು ಇಳಿಸಬೇಕು, ಒಂದೊಂದು ಆಳದಲ್ಲೂ ಅಡ್ಡ ಸುರಂಗ ಹೊಡೆಯಬೇಕು. ಈ ಹಂತದಲ್ಲಿ ಹೊರಬರುವುದು ಬಹುಪಾಲು ಬರೀ ಕಲ್ಲು. ಮದ್ದು ಸಿಡಿದು ಹೊಗೆ ಹೋದ ಮೇಲೆ ಕಾರ್ಮಿಕ ಉದ್ದನೆಯ ಸಲಾಕೆಯಿಂದ ತಲೆಯ ಮೇಲಿನ ಬಂಡೆಯನ್ನು ಬಡಿಯುತ್ತಾನೆ. ಟಣ್ ಎಂದರೆ ಕಲ್ಲು ಗಟ್ಟಿ. ಬದ್ದೆಂದರೆ ಸಡಿಲ, ಮೊದಲು ಅದನ್ನು ಕೆಡವಬೇಕು. ಹೀಗೆ ಅಡಿ ಅಡಿಯಾಗಿ ಮುಂದಕ್ಕೆ ಹೋಗುವ ಕೆಲಸ ಅದು. ಖರ್ಚು ಈ ವರ್ಷದ್ದು, ಅದಿರು ಸಿಗುವುದು ವರ್ಷಗಳ ನಂತರ. ನಮ್ಮ ದೃಷ್ಟಿಯಲ್ಲಿ ಹಟ್ಟಿಯನ್ನು ಉಳಿಸಿದ್ದು ಮುಖ್ಯವಾಗಿ ಇದೇ ಕೆಲಸ.

ಪ್ರಕೃತಿಯೂ ಕೈಹಿಡಿಯಿತು ಎನ್ನುವುದು ನಿಜ. ಕೋಲಾರದ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಆಳಕ್ಕೆ ಹೋಗಿತ್ತು. ಅಲ್ಲಿನ ಸೆಕೆ, ದಿಢೀರನೆ ಸಿಡಿಯುವ ಬಂಡೆ, ವರ್ಷದಿಂದ ವರ್ಷಕ್ಕೆ ತೆಳುವಾದ ಅದಿರು ಯಾವ ಲೆಕ್ಕಕ್ಕೂ ಹೊಂದುತ್ತಿರಲಿಲ್ಲ. ಹಟ್ಟಿ ಅಷ್ಟು ಆಳಕ್ಕೆ ಹೋಗಿಲ್ಲ. ಆದರೆ ಟನ್ ಕಲ್ಲು ಅರೆದರೆ ಸಿಗುವುದು ಇಲ್ಲೂ ಕೆಲವೇ ಗ್ರಾಂ. ದರ ಏರಿದಾಗ ಬಡ ಅದಿರೂ ಲಾಭ ತರುತ್ತದೆ. ಕೈಗೆಟುಕಿದ್ದನ್ನು ಬಾಚಿಕೊಂಡು ಸುರಂಗದ ಕೆಲಸ ಮುಂದೂಡುವ ಆಸೆ ಹುಟ್ಟುವುದೂ ಆಗಲೇ. ಗಣಿಯ ಒಡೆತನ ಹೊಂದಿರುವ ರಾಜ್ಯ ಸರ್ಕಾರ ಆ ಆಸೆಗೆ ಬೀಳಬಾರದು. ಈಗಿನ ಲಾಭದ ದೊಡ್ಡ ಪಾಲು ಹೊಸ ಶಾಫ್ಟ್‌ಗೆ, ಹೊಸ ಸುರಂಗಗಳಿಗೆ, ಸುತ್ತಲಿನ ಹಟ್ಟಿ–ಮಸ್ಕಿ ಶಿಲಾಪಟ್ಟಿಯ ಅನ್ವೇಷಣೆಗೆ ಹೋಗಬೇಕು.

ಇನ್ನೊಂದು ಬಾಕಿ ಲೆಕ್ಕವಿದೆ, ಅದು ಜನರದ್ದು. ಬಿಳಿಕಲ್ಲಿನ (ಕ್ವಾರ್ಟ್ಸ್) ಸಣ್ಣ ಧೂಳು ಶ್ವಾಸಕೋಶದಲ್ಲಿ ಕೂತರೆ ಸಿಲಿಕೋಸಿಸ್, ಅದಕ್ಕೆ ಮದ್ದಿಲ್ಲ. ನೀರು ಹಾಯಿಸಿ ಕೊರೆಯುವ ಯಂತ್ರಗಳಿಂದ ಧೂಳು ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ. ರೋಗ ಕಾಣಿಸಿಕೊಳ್ಳುವುದು ಎಷ್ಟೋ ಸಲ ನಿವೃತ್ತಿಯ ನಂತರ, ಕಂಪನಿಯ ಆಸ್ಪತ್ರೆಯ ನಂಟು ಕಡಿದ ಮೇಲೆ. ಇಲ್ಲಿನ ಅದಿರಿನಲ್ಲಿ ಚಿನ್ನದ ಜತೆಗೇ ಆರ್ಸೆನಿಕ್ ಇದೆ. ಅರೆದು ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ರಾಶಿಯಲ್ಲೂ ಅದು ಇರುತ್ತದೆ. ಸುತ್ತಲ ಊರಿನವರು ಕುಡಿಯುವುದು ಅಂತರ್ಜಲವನ್ನೇ. ನಿವೃತ್ತರಿಗೂ ಗುತ್ತಿಗೆ ಕಾರ್ಮಿಕರಿಗೂ ಜೀವನಪೂರ್ತಿ ಎದೆ ತಪಾಸಣೆ ಸಿಗಲಿ. ಗಣಿಯ ಸುತ್ತಲ ಪ್ರತಿ ಕೊಳವೆಬಾವಿಯ ನೀರಿನ ವರದಿಯನ್ನು ಪ್ರತಿವರ್ಷ ಆಯಾ ಗ್ರಾಮ ಪಂಚಾಯಿತಿಯ ಫಲಕದಲ್ಲಿ ಕನ್ನಡದಲ್ಲಿ ಹಾಕಲಿ. ಚಿನ್ನದ ದರ ಇಷ್ಟಿರುವಾಗ ಇದಕ್ಕೆ ಹಣವಿಲ್ಲ ಎಂಬ ಮಾತನ್ನು ಯಾರೂ ಒಪ್ಪಲಾರರು.