ಭಜನೆಯ ತಾಳ ಗಣಿತದ ತಾಸಿಗೂ ಬರಲಿ
ಗೊಬ್ಬೂರಿನ ಪಾಲಕರು, ಹಳೆಯ ವಿದ್ಯಾರ್ಥಿಗಳು ಮತ್ತು ಭಜನಾ ಮೇಳದವರ ಹಕ್ಕೊತ್ತಾಯ ಪತ್ರ

ಇವರಿಗೆ: ಕ್ಷೇತ್ರ ಶಿಕ್ಷಣಾಧಿಕಾರಿಗಳು, ಅಫಜಲಪುರ; ಉಪನಿರ್ದೇಶಕರು, ಶಾಲಾ ಶಿಕ್ಷಣ ಇಲಾಖೆ, ಕಲಬುರಗಿ; ಕಾರ್ಯದರ್ಶಿಗಳು, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ



2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ರಾಜ್ಯದ ಫಲಿತಾಂಶ ಶೇ 66.14. ಕಲಬುರಗಿಯದು ಶೇ 42.43, ಪಟ್ಟಿಯ ಕಟ್ಟಕಡೆ. ನಮ್ಮೂರಿನ ಯಾವ ಪಾಲಕರನ್ನು ಕೇಳಿದರೂ ಮಕ್ಕಳು ಮೊದಲು ಹೆದರುವ ವಿಷಯ ಗಣಿತ ಎಂದೇ ಹೇಳುತ್ತಾರೆ. ಇದೇ ಜಿಲ್ಲೆಯ ಮಳಖೇಡದಿಂದ ಆಳಿದ ಅಮೋಘವರ್ಷನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ವನ್ನು ಪದ್ಯದಲ್ಲಿ ಬರೆದ. 12ನೇ ಶತಮಾನದ ರಾಜಾದಿತ್ಯ ಲೆಕ್ಕವನ್ನು ಕನ್ನಡ ಪದ್ಯಕ್ಕೇ ತಂದ. ಹೆಮ್ಮೆಯ ಮಾತು ಇಷ್ಟಕ್ಕೆ ಸಾಕು. ಅದರಿಂದ ಯಾರೂ ಪಾಸಾಗುವುದಿಲ್ಲ.

ಲೆಕ್ಕ ಬರುವುದಿಲ್ಲ ಎಂದು ಶಾಲೆಯಲ್ಲಿ ಬೈಸಿಕೊಂಡ ಹುಡುಗನೇ ರಾತ್ರಿ ಭಜನೆಯಲ್ಲಿ ಎಂಟು ಮಾತ್ರೆಯ ಕೆಹರವಾ ಹಿಡಿದು ಒಂದು ಪೆಟ್ಟೂ ತಪ್ಪದೆ ತಾಳ ಹಾಕುತ್ತಾನೆ. ಅವನಿಗೆ ಎಣಿಕೆ ಬರುತ್ತದೆ. ಆ ಎಣಿಕೆಯನ್ನು ಕರಿಹಲಗೆಗೆ ದಾಟಿಸುವ ಏರ್ಪಾಡು ಇಲ್ಲ. ಅದಕ್ಕಾಗಿ ಈ ಬೇಡಿಕೆಗಳು.

1. ನಲಿಕಲಿಯ ಹಾಡು ಮೂರನೇ ತರಗತಿಗೆ ನಿಲ್ಲಬಾರದು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿಕಲಿ ಚಿಕ್ಕ ಮಕ್ಕಳಿಗೆ ಹಾಡಿನ ಮೂಲಕ ಸಂಖ್ಯೆ ಕಲಿಸಿತು. ನಾಲ್ಕನೆಯ ತರಗತಿಗೆ ಬಂದ ಕೂಡಲೇ ಹಾಡು ಬಂದ್, ಭಿನ್ನರಾಶಿ ಚಾಲೂ. ಕಷ್ಟ ಶುರುವಾಗುವ ಹೊತ್ತಿಗೇ ಕೈಯಾಸರೆ ಕಿತ್ತುಕೊಂಡಂತೆ ಇದು. 4ರಿಂದ 10ನೇ ತರಗತಿಯವರೆಗೆ ವಾರಕ್ಕೆ ಎರಡು ಗಣಿತದ ತಾಸುಗಳು ತಾಳ, ಸ್ವರ, ಛಂದಸ್ಸಿನ ಜೊತೆ ನಡೆಯಲಿ. ಇದಕ್ಕೆ ಬೇರೆ ಪೀರಿಯಡ್ ಬೇಡ. ಗಣಿತದ ತಾಸಿನಲ್ಲೇ, ಗಣಿತದ ಶಿಕ್ಷಕರೇ ನಡೆಸಬೇಕು.

2. ಮಗ್ಗಿಯನ್ನು ರಾಗವಾಗಿ ಹಾಡಿಸಿ ಕೆಲಸ ಮುಗಿಯಿತು ಎನ್ನಬೇಡಿ. ಬಾಯಿಪಾಠಕ್ಕೆ ರಾಗ ಒಳ್ಳೆಯದೇ. ಕೂಲಿಮಠದ ಕಾಲದಲ್ಲಿ ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿ ಹಾಗೆಯೇ ನಾಲಿಗೆಗೆ ಹತ್ತಿದ್ದು. ಆದರೆ ನಮಗೆ ಬೇಕಾದದ್ದು ತಾಳದೊಳಗಿನ ಲೆಕ್ಕ. ಅದು ಹೇಗೆಂದು ಮುಂದೆ ಬರೆದಿದ್ದೇವೆ. ಇಲಾಖೆಯ ಪಠ್ಯ ಸಮಿತಿ ದಯವಿಟ್ಟು ಓದಲಿ.

ಭಿನ್ನರಾಶಿ: ಮೂರು ಎರಡಕ್ಕಿಂತ ದೊಡ್ಡದು, ಆದ್ದರಿಂದ ಮೂರನೇ ಒಂದು ಭಾಗ ಅರ್ಧಕ್ಕಿಂತ ದೊಡ್ಡದು ಎಂದು ಮಕ್ಕಳು ಬರೆಯುತ್ತಾರೆ. ಒಂದೇ ಮಾತ್ರೆಯಲ್ಲಿ ತಬಲಾದವನು ಮೊದಲು ಎರಡು ಬೋಲು, ಆಮೇಲೆ ಮೂರು, ಆಮೇಲೆ ನಾಲ್ಕು ನುಡಿಸಲಿ. ಪೆಟ್ಟು ಹೆಚ್ಚಿದಷ್ಟೂ ಒಂದೊಂದರ ಪಾಲು ಸಣ್ಣದಾಗುವುದು ಕಿವಿಗೇ ಗೊತ್ತಾಗುತ್ತದೆ.

ಲಸಾಅ (ಲಘುತಮ ಸಾಮಾನ್ಯ ಅಪವರ್ತ್ಯ): ಒಂದು ಸಾಲಿನ ಮಕ್ಕಳು ಆರು ಮಾತ್ರೆಯ ದಾದರಾ, ಇನ್ನೊಂದು ಸಾಲು ಎಂಟರ ಕೆಹರವಾ ಒಟ್ಟಿಗೆ ಹಾಕಲಿ. ಇಬ್ಬರ ಮೊದಲ ಪೆಟ್ಟು ಮತ್ತೆ ಕೂಡುವುದು 24 ಮಾತ್ರೆ ಕಳೆದ ಮೇಲೆ.

ಎರಡು ಚರಾಕ್ಷರಗಳ ಸಮೀಕರಣ: ತಿಹಾಯಿಯಲ್ಲಿ ಒಂದೇ ತುಣುಕನ್ನು ಮೂರು ಸಲ ನುಡಿಸಿ ಸಮಕ್ಕೆ, ಅಂದರೆ ತಾಳದ ಮೊದಲ ಮಾತ್ರೆಗೆ, ಬರುತ್ತಾರೆ, ನಡುವೆ ಎರಡು ಬಿಡುವು. ಹದಿನಾರು ಮಾತ್ರೆಯ ತೀನ್‌ತಾಲದಲ್ಲಿ ಸಮದಿಂದ ಹೊರಟು ಮುಂದಿನ ಸಮದ ಮೇಲೆ ಮುಗಿಯಬೇಕಾದರೆ ಒಟ್ಟು 17 ಮಾತ್ರೆ. ತುಣುಕು ಐದು, ಬಿಡುವು ಒಂದು ಎಂದರೆ ಹದಿನೈದಕ್ಕೆ ಎರಡು ಸೇರಿ ಹದಿನೇಳು. ತುಣುಕು ಮೂರಾದರೆ ಬಿಡುವು ನಾಲ್ಕು. ತುಣುಕು ನಾಲ್ಕಾದರೆ? ಬಿಡುವು ಎರಡೂವರೆ ಬರುತ್ತದೆ, ಪೂರ್ಣಾಂಕದಲ್ಲಿ ಉತ್ತರವಿಲ್ಲ. ಯಾಕಿಲ್ಲ ಎಂದು ಮಕ್ಕಳೇ ಕಂಡುಕೊಳ್ಳಲಿ. ಪುಸ್ತಕದಲ್ಲಿ ಸೇಬು, ಪೆನ್ನು ಕೊಂಡು ಬೇಸತ್ತವರಿಗೆ ಇದು ನಿಜವಾದ ಲೆಕ್ಕ.

3. ಪ್ರತಿ ಶಾಲೆಯ ಗಣಿತ ಕಿಟ್‌ನಲ್ಲಿ ಒಂದು ಏಕತಾರಿ ಇರಲಿ. ತತ್ವಪದದ ನಾಡು ಇದು. ಕಡಕೋಳ ಮಡಿವಾಳಪ್ಪನವರ ಪದ ಹಾಡುವವರು ಇಲ್ಲದ ಊರು ಈ ಕಡೆ ವಿರಳ. ತಂತಿಯ ಉದ್ದವನ್ನು ಸ್ಕೇಲಿನಿಂದ ಅಳೆದು ನಟ್ಟನಡುವೆ ಬೆರಳೊತ್ತಿದರೆ ಮೇಲಿನ ಸ. ಮೂರರಲ್ಲಿ ಎರಡು ಪಾಲು ಉಳಿಸಿದರೆ ಪ, ನಾಲ್ಕರಲ್ಲಿ ಮೂರು ಪಾಲು ಉಳಿಸಿದರೆ ಮ. ಅನುಪಾತದ ಇಡೀ ಅಧ್ಯಾಯ ಒಂದು ತಂತಿಯ ಮೇಲಿದೆ. ಕಿವಿ ಕೇಳದ ಮಕ್ಕಳು ಏಕತಾರಿಯ ಬುರುಡೆಗೆ ಅಂಗೈ ಇಟ್ಟು ಕಂಪನ ಅರಿಯಲಿ.

4. ಕನ್ನಡ ಮೇಷ್ಟ್ರು, ಗಣಿತ ಮೇಷ್ಟ್ರು ತಿಂಗಳಿಗೊಮ್ಮೆಯಾದರೂ ಒಂದೇ ತರಗತಿಯಲ್ಲಿ ಕೂಡಲಿ. ಭಾಮಿನಿ ಷಟ್ಪದಿಯ ನಾಲ್ಕು ಸಾಲಿಗೆ ತಲಾ 14 ಮಾತ್ರೆ, ಎರಡಕ್ಕೆ ತಲಾ 23, ಒಟ್ಟು 102. ಐದನೆಯ ತರಗತಿಯ ಗುಣಾಕಾರ ಅಷ್ಟರಲ್ಲೇ ಆಯಿತು. ಲಘು ಗುರುಗಳಿಂದ ಮೂರು ಮಾತ್ರೆಯ ಗಣವನ್ನು ಮೂರು ಬಗೆಯಲ್ಲಿ ಕಟ್ಟಬಹುದು, ನಾಲ್ಕರದನ್ನು ಐದು ಬಗೆಯಲ್ಲಿ, ಐದರದನ್ನು ಎಂಟು ಬಗೆಯಲ್ಲಿ. ಪ್ರತಿಯೊಂದೂ ಹಿಂದಿನ ಎರಡರ ಮೊತ್ತ. ಇಟಲಿಯ ಫಿಬೊನಾಚಿ 1202ರಲ್ಲಿ ಮೊಲಗಳ ಸಂಸಾರದಲ್ಲಿ ಕಂಡ ಈ ಶ್ರೇಣಿಯನ್ನು ನಮ್ಮ ಛಂದಸ್ಸಿನವರಾದ ವಿರಹಾಂಕ, ಹೇಮಚಂದ್ರ ಅದಕ್ಕೂ ಮೊದಲೇ ಬರೆದಿಟ್ಟಿದ್ದರು. ಇಂದು ಮಾತ್ರೆ ಎಣಿಸುವುದು ಕನ್ನಡದ ಪರೀಕ್ಷೆಗೆ, ಶ್ರೇಣಿ ಗಣಿತದ ಪರೀಕ್ಷೆಗೆ. ಎರಡೂ ಒಂದೇ ಎಂದು ಮಕ್ಕಳಿಗೆ ಹೇಳುವವರಿಲ್ಲ.

5. ಊರ ಕಲಾವಿದರನ್ನು ಸಂಭಾವನೆ ಕೊಟ್ಟು ಕರೆಯಿರಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ 6ರಿಂದ 8ನೇ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಕಲಾ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಇರಲೇಬೇಕು. ಆ ಜಾಗಕ್ಕೆ ಭಜನೆಯ ತಬಲಾದವರು, ಹಲಗಿಯವರು, ಮೊಹರಮ್ಮಿನ ಅಲಾಯಿ ಪದದವರು, ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ ದೃಷ್ಟಿಹೀನ ಸಂಗೀತಗಾರರು ಬರಲಿ. ಸಚಿವರು ಬಂದಾಗ ಹಲಗಿ ಬಾರಿಸಲು ಹೇಳಿಕಳಿಸುವವರು, ಅದೇ ಕಲಾವಿದ ತರಗತಿಯಲ್ಲಿ ಕುರ್ಚಿಯ ಮೇಲೆ ಕುಳಿತು ಕಲಿಸುವುದನ್ನೂ ಒಪ್ಪಬೇಕು. ಈ ವಿಷಯದಲ್ಲಿ ನಮ್ಮದು ರಾಜಿಯಿಲ್ಲದ ಬೇಡಿಕೆ.

6. ಉರ್ದು ಮಾಧ್ಯಮದ ಶಾಲೆಗಳಿಗೂ ಇದೆಲ್ಲ ಅದೇ ದಿನ, ಅದೇ ಪ್ರಮಾಣದಲ್ಲಿ ಸಿಗಲಿ.

7. ತಬಲಾ, ಹಲಗಿ ಹುಡುಗರ ಕೈಗೆ ಮಾತ್ರ ಹೋಗಿ, ಹುಡುಗಿಯರಿಗೆ ಚಪ್ಪಾಳೆಯಷ್ಟೇ ಉಳಿಯಬಾರದು.

8. ಶಿಕ್ಷಕರಿಗೆ ಮೊದಲು ತರಬೇತಿ, ಆಮೇಲೆ ಆದೇಶ. ಪಕ್ಕದ ಆಳಂದ ತಾಲೂಕಿನ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಅಲ್ಲಿನ ಗಣಿತ ವಿಭಾಗ ಮತ್ತು ಜಿಲ್ಲಾ ಶಿಕ್ಷಣ ತರಬೇತಿ ಸಂಸ್ಥೆ ಕೂಡಿ ಪಾಠಗಳನ್ನು ರೂಪಿಸಲಿ, ಕಲಬುರಗಿ ಆಕಾಶವಾಣಿ ಅವನ್ನು ಬಿತ್ತರಿಸಲಿ. ಹೊಸ ರಿಜಿಸ್ಟರ್, ಹೊಸ ಆ್ಯಪ್, ಫೋಟೊ ಅಪ್‌ಲೋಡ್ ಯಾವುದೂ ಬೇಡ. ಶಿಕ್ಷಕರ ಅರ್ಧ ಜೀವ ಈಗಾಗಲೇ ಅದರಲ್ಲಿದೆ.

9. ಹಣ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯಿಂದ ಬರಲಿ. 371(ಜೆ) ವಿಧಿಯ ಫಲವಾಗಿ ಹುಟ್ಟಿದ ಮಂಡಳಿ ಕಟ್ಟಡಗಳಿಗೆ ಕೊಡುವುದರಲ್ಲಿ ಒಂದು ಸಣ್ಣ ಪಾಲು ಇದಕ್ಕೆ ಸಾಕು. ಪಾಲಕರಿಂದ ಒಂದು ರೂಪಾಯಿಯನ್ನೂ ಎತ್ತಬಾರದು.

10. ಫಲ ಬಂತೋ ಇಲ್ಲವೋ ಅಳೆಯಿರಿ. ಸಂಗೀತ ಕಲಿತರೆ ಬುದ್ಧಿ ತಾನೇ ಚುರುಕಾಗುತ್ತದೆ ಎಂಬ ಪ್ರಚಾರವನ್ನು ನಾವು ನಂಬುವುದಿಲ್ಲ. ಸಾಲಾ ಮತ್ತು ಗೋಬೆ ಎಂಬ ಸಂಶೋಧಕರು 54 ಅಧ್ಯಯನಗಳನ್ನು ಒಟ್ಟುಗೂಡಿಸಿ 2020ರಲ್ಲಿ ಕಂಡದ್ದು, ಬರೀ ಸಂಗೀತ ತರಬೇತಿಯಿಂದ ಓದು ಲೆಕ್ಕ ಮೇಲೇಳುವುದಿಲ್ಲ ಎಂದು. ಆದರೆ ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್ ವಿಶ್ವವಿದ್ಯಾಲಯದ ಸೂಸನ್ ಕೋರಿ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸ್ವರಲಿಪಿಯ ಮೂಲಕವೇ ಆರು ವಾರ ಭಿನ್ನರಾಶಿ ಕಲಿತ ಮೂರನೇ ತರಗತಿಯ ಮಕ್ಕಳು ಉಳಿದವರಿಗಿಂತ ಮುಂದಿದ್ದರು. ಎರಡನ್ನೂ ಓದಿದ ಮೇಲೆಯೇ ನಾವು 'ಗಣಿತದ ತಾಸಿನೊಳಗೇ' ಎಂದು ಒತ್ತಿ ಕೇಳುತ್ತಿರುವುದು. ಅಫಜಲಪುರ, ಆಳಂದ, ಜೇವರ್ಗಿ ತಾಲೂಕುಗಳ ಕೆಲವು ಶಾಲೆಗಳಲ್ಲಿ ಒಂದು ವರ್ಷ ನಡೆಸಿ, ಮೊದಲೂ ಕೊನೆಗೂ ಪರೀಕ್ಷೆ ಮಾಡಿ, ಮಾಡದ ಶಾಲೆಗಳೊಂದಿಗೆ ಹೋಲಿಸಿ. ಅಂಕಿಗಳನ್ನು ಗ್ರಾಮಸಭೆಯಲ್ಲಿ ಓದಿ ಹೇಳಿ. ಪ್ರಯೋಜನವಾಗದಿದ್ದರೆ ನಿಲ್ಲಿಸಿ, ನಾವು ತಕರಾರು ಮಾಡುವುದಿಲ್ಲ.

ಮುಂದಿನ ಶೈಕ್ಷಣಿಕ ವರ್ಷ ಶುರುವಾಗುವ ಮುನ್ನ ಈ ಹತ್ತೂ ಬೇಡಿಕೆಗಳಿಗೆ, ಆಗುತ್ತದೆ ಇಲ್ಲವೇ ಆಗುವುದಿಲ್ಲ ಎಂದು ಪ್ರತ್ಯೇಕವಾಗಿ, ಲಿಖಿತ ಉತ್ತರ ಕೊಡಬೇಕೆಂದು ಕೋರುತ್ತೇವೆ. 'ಪರಿಶೀಲಿಸಲಾಗುವುದು' ಎಂಬ ಒಂದೇ ಸಾಲಿನ ಉತ್ತರವನ್ನು ಸ್ವೀಕರಿಸುವುದಿಲ್ಲ.