ಸೈಕಲ್ ಮೋಟರಿನಿಂದ ಗಾಳಿ ಕರೆಂಟು: ಗಾಳಿ ಬಂದಾಗ ತೂರಿಕೊಳ್ಳಬಹುದೇ?

ಸೋಲಾಪುರ: ಗಾಳಿ ಬಂದಾಗ ತೂರಿಕೋ ಎನ್ನುವುದು ಹಿರಿಯರ ಮಾತು. ರಾಶಿ ಮಾಡುವ ಕಣದಲ್ಲಿ ಹುಟ್ಟಿದ ಈ ಮಾತನ್ನು ಕರೆಂಟಿಗೂ ಅನ್ವಯಿಸಬಹುದೇ? ಬ್ಯಾಟರಿ ಸತ್ತು ಮೂಲೆ ಸೇರಿದ ಇಲೆಕ್ಟ್ರಿಕ್ ಸೈಕಲ್ಲಿನ ಚಕ್ರದ ಮೋಟರನ್ನು ಕಳಚಿ, ಅದಕ್ಕೆ ಮೂರು ರೆಕ್ಕೆ ಕಟ್ಟಿ, ಕಂಬಕ್ಕೇರಿಸಿ ದೀಪ ಹಚ್ಚಿಕೊಳ್ಳುವವರು ಜಗತ್ತಿನ ಹಲವು ಕಡೆ ಇದ್ದಾರೆ. ಸೋಲಾಪುರದಿಂದ ವಿಜಾಪುರ ರಸ್ತೆ ಹಿಡಿದು ಸೋರೆಗಾಂವ, ಮಂದ್ರೂಪ, ಟಾಕಳಿ ದಾಟಿ ಭೀಮೆಯ ಆಚೆ ಧೂಳಖೇಡದವರೆಗಿನ ಹಳ್ಳಿಗಳಿಗೆ, ಇತ್ತ ಅಕ್ಕಲಕೋಟ ತಾಲ್ಲೂಕಿನ ವಸ್ತಿಗಳಿಗೆ ಇದು ಉಪಯೋಗವೋ, ಬರೀ ಆಟವೋ ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು.

ಯಾಕೆಂದರೆ ಇಲ್ಲಿ ಪ್ರಶ್ನೆ ಒಂದು ಯಂತ್ರದ್ದಲ್ಲ. ರಾತ್ರಿ ಪಾಳಿಯಲ್ಲಿ ನೀರು ಬಿಡಲು ಹೊಲಕ್ಕೆ ಹೋಗುವವನ ಕಾಲ ಬುಡದಲ್ಲಿ ಬೆಳಕು ಇದೆಯೋ ಇಲ್ಲವೋ ಎಂಬುದು ಪ್ರಶ್ನೆ.

ದೀಪದ ಬುಡದಲ್ಲಿ ಕತ್ತಲು

ವಿದ್ಯುತ್ತಿನ ಭೂಪಟದಲ್ಲಿ ಈ ಭಾಗ ಸಣ್ಣದಲ್ಲ. ದಕ್ಷಿಣ ಸೋಲಾಪುರ ತಾಲ್ಲೂಕಿನಲ್ಲಿ ಎನ್‌ಟಿಪಿಸಿಯ 1320 ಮೆಗಾವ್ಯಾಟ್ ಉಷ್ಣ ಸ್ಥಾವರವಿದೆ. ಭೀಮೆಯ ಆಚೆ, ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ ಅದೇ ಸಂಸ್ಥೆಯ 2400 ಮೆಗಾವ್ಯಾಟ್ ಸ್ಥಾವರವಿದೆ. ದಕ್ಷಿಣ ಭಾರತದ ಗ್ರಿಡ್ಡು ದೇಶದ ಉಳಿದ ಗ್ರಿಡ್ಡಿನೊಂದಿಗೆ ಒಂದಾಗಿದ್ದು 2013ರ ಡಿಸೆಂಬರ್ 31ರಂದು, ರಾಯಚೂರು–ಸೋಲಾಪುರ ನಡುವಿನ 765 ಕಿಲೋವೋಲ್ಟ್ ತಂತಿಯ ಮೂಲಕ. ಗಡಿ ವಿವಾದ ನ್ಯಾಯಾಲಯದಲ್ಲಿ ಕುಳಿತಿರುವಾಗಲೇ ಕರೆಂಟು ಮಾತ್ರ ಗಡಿ ದಾಟಿ ಒಂದಾಯಿತು.

ಆದರೂ ತಂತಿಯ ಕೆಳಗಿನ ಹೊಲದ ಮನೆಗೆ ಅದರ ಬೆಳಕು ಬಂದಿದೆ ಎಂದೇನಿಲ್ಲ. ಸರಕಾರಗಳು ಕೈ ಕಟ್ಟಿ ಕುಳಿತಿಲ್ಲ, ನಿಜ. ಕರ್ನಾಟಕದಲ್ಲಿ 2023ರಿಂದ ಗೃಹಜ್ಯೋತಿ ಅಡಿ ಮನೆಗಳಿಗೆ ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತ. ಮಹಾರಾಷ್ಟ್ರದಲ್ಲಿ 2024ರಿಂದ 7.5 ಅಶ್ವಶಕ್ತಿವರೆಗಿನ ಕೃಷಿ ಪಂಪಿಗೆ ಉಚಿತ ವಿದ್ಯುತ್. ಅದೇ ವರ್ಷ ಬಂದ ಮಾಗೇಲ್ ತ್ಯಾಲಾ ಸೌರ ಕೃಷಿ ಪಂಪ್ ಯೋಜನೆಯಲ್ಲಿ ರೈತ ಶೇ. 10, ಪರಿಶಿಷ್ಟ ಜಾತಿ–ಪಂಗಡದವರು ಶೇ. 5 ಮಾತ್ರ ಕಟ್ಟಿದರೆ ಸಾಕು.

ಆದರೆ ಮನೆಯ ಯೋಜನೆಗೆ ಮೀಟರ್ ಬೇಕು, ಪಂಪಿನ ಯೋಜನೆಗೆ ಬಾವಿಯೋ ಬೋರೋ ಬೇಕು. ಊರಿನಿಂದ ಎರಡು ಕಿಲೋಮೀಟರ್ ದೂರದ ಹೊಲದಲ್ಲಿ ಎಮ್ಮೆ ಕಟ್ಟಿಕೊಂಡು ಇರುವ, ಮನೆ ಮೀಟರಿಲ್ಲದ ವಸ್ತಿ ಈ ಎರಡರ ನಡುವೆ ಬೀಳುತ್ತದೆ. ಹೊಲದ ಲೈನಿಗೆ ಕರೆಂಟು ಪಾಳಿಯ ಪ್ರಕಾರ ಬರುತ್ತದೆ, ಪಾಳಿ ಮುಗಿದ ಮೇಲೆ ಮನೆಯೂ ಕತ್ತಲು. ಸೈಕಲ್ ಮೋಟರಿನ ಮಾತು ಅರ್ಥ ಪಡೆಯುವುದು ಇಂಥ ಮನೆಗಳಲ್ಲಿ.

ಮೋಟರ್ ತಿರುಗಿಸಿದರೆ ಕರೆಂಟು

ಮೋಟರಿಗೆ ಕರೆಂಟು ಕೊಟ್ಟರೆ ತಿರುಗುತ್ತದೆ. ಅದನ್ನೇ ತಿರುಗಿಸಿದರೆ ಕರೆಂಟು ಕೊಡುತ್ತದೆ. ಇದು ಎಲ್ಲ ಮೋಟರಿಗೂ ಅಷ್ಟು ಸುಲಭವಲ್ಲ. ಬಾವಿಯ ಪಂಪಿನ ಮೋಟರಿನಲ್ಲಿ ಶಾಶ್ವತ ಅಯಸ್ಕಾಂತ ಇರುವುದಿಲ್ಲ. ಇಲೆಕ್ಟ್ರಿಕ್ ಸೈಕಲ್ಲಿನ ಚಕ್ರದ ನಡುವಿನ ಮೋಟರಿನಲ್ಲಿ ಬಲವಾದ ಅಯಸ್ಕಾಂತಗಳಿವೆ, ಬ್ರಷ್ ಇಲ್ಲ, ಮಳೆ ನೀರು ತಡೆಯುವ ಕವಚವಿದೆ, ಭಾರ ಹೊರುವ ಬೇರಿಂಗ್ ಇದೆ. ಹಳೆಯ ಕಾರಿನ ಡೈನಮೋ ಚೆನ್ನಾಗಿ ಕರೆಂಟು ಕೊಡಲು ನಿಮಿಷಕ್ಕೆ ಸಾವಿರಕ್ಕೂ ಮೇಲೆ ಸುತ್ತಬೇಕು. ಸೈಕಲ್ ಮೋಟರಿಗೆ ಇನ್ನೂರು ಸುತ್ತು ಸಾಕು. ಗಾಳಿಯಂತ್ರದ ವೇಗವೂ ಹೆಚ್ಚುಕಡಿಮೆ ಅಷ್ಟೇ.

ಲೈಸೆನ್ಸ್, ನೋಂದಣಿ ಬೇಡದ ವಾಹನಕ್ಕೆ ನಮ್ಮ ನಿಯಮ 250 ವ್ಯಾಟ್ ಮೋಟರ್, ಗಂಟೆಗೆ 25 ಕಿಲೋಮೀಟರ್ ವೇಗದ ಮಿತಿ ಹಾಕಿದೆ. ದೊಡ್ಡ ಸೈಕಲ್ ಚಕ್ರ 25 ಕಿಲೋಮೀಟರ್ ವೇಗದಲ್ಲಿ ನಿಮಿಷಕ್ಕೆ ಸುಮಾರು 200 ಸುತ್ತು ತಿರುಗುತ್ತದೆ. 36 ವೋಲ್ಟಿಗೆ 200 ಸುತ್ತು ಹೊಡೆಯುವ ಮೋಟರನ್ನು ಗಾಳಿ 100 ಸುತ್ತು ತಿರುಗಿಸಿದರೆ ಹತ್ತಿರ ಹತ್ತಿರ ಅರ್ಧ ವೋಲ್ಟೇಜ್ ಸಿಗುತ್ತದೆ. ಹೀಗಾಗಿ 24 ವೋಲ್ಟಿನ ಬ್ಯಾಟರಿ, ಅಂದರೆ 12 ವೋಲ್ಟಿನ ಎರಡು ಬ್ಯಾಟರಿಗಳ ಜೋಡಿ ಇದಕ್ಕೆ ಹೊಂದುತ್ತದೆ.

ಇಂಥ ವಾಹನಗಳಲ್ಲಿ ಮೊದಲು ಸಾಯುವುದು ಬ್ಯಾಟರಿ. ಹೊಸದಕ್ಕೆ ದುಡ್ಡು ಹಾಕಲಾಗದೆ ಗಾಡಿ ಭಂಗಾರಕ್ಕೆ ಹೋಗುತ್ತದೆ. ಅದರೊಳಗಿನ ಮೋಟರ್ ಮಾತ್ರ ಇನ್ನೂ ಹತ್ತು ವರ್ಷ ಬಾಳುವಷ್ಟು ಗಟ್ಟಿ ಇರುತ್ತದೆ.

ಕೊಳ್ಳುವ ಮೊದಲು ಒಂದು ಪರೀಕ್ಷೆ

ಎಲ್ಲ ಚಕ್ರ ಮೋಟರುಗಳೂ ಒಂದೇ ಅಲ್ಲ. ಕೆಲವು ನೇರವಾಗಿ ತಿರುಗುವವು, ಅಗಲವಾಗಿ ಭಾರವಾಗಿರುತ್ತವೆ. ಕೆಲವು ಸಣ್ಣವು, ಒಳಗೆ ಪ್ಲಾಸ್ಟಿಕ್ ಗೇರುಗಳೂ ಒಂದೇ ಕಡೆ ಹಿಡಿಯುವ ಕ್ಲಚ್ಚೂ ಇರುತ್ತವೆ. ಈ ಎರಡನೆಯ ಜಾತಿಯ ಮೋಟರನ್ನು ಮುಂದಕ್ಕೆ ತಿರುಗಿಸಿದರೆ ಸೈಕಲ್ಲಿನ ಫ್ರೀವೀಲಿನಂತೆ ಖಾಲಿ ತಿರುಗುತ್ತದೆ, ಕರೆಂಟು ಬರುವುದಿಲ್ಲ.

ಪರೀಕ್ಷೆ ಸುಲಭ. ಮೋಟರನ್ನು ಬ್ಯಾಟರಿಯಿಂದಲೂ ಕಂಟ್ರೋಲರಿನಿಂದಲೂ ಪೂರ್ತಿ ಬಿಡಿಸಿ. ಅದರಿಂದ ಮೂರು ದಪ್ಪ ತಂತಿ, ಐದಾರು ಸಣ್ಣ ತಂತಿ ಹೊರಬಂದಿರುತ್ತವೆ. ದಪ್ಪ ತಂತಿಗಳ ಪೈಕಿ ಎರಡನ್ನು ಒಂದಕ್ಕೊಂದು ತಾಗಿಸಿ ಚಕ್ರವನ್ನು ಮುಂದಕ್ಕೆ ತಿರುಗಿಸಿ ನೋಡಿ. ಯಾರೋ ಹಿಡಿದು ಎಳೆದಂತೆ ಜಗ್ಗಿದರೆ ಮೋಟರ್ ನೇರ ಜಾತಿಯದು, ಸುರುಳಿಯೂ ಸರಿಯಿದೆ. ಮುಂದಕ್ಕೆ ಸಲೀಸಾಗಿ ತಿರುಗಿ, ಹಿಂದಕ್ಕೆ ಮಾತ್ರ ಜಗ್ಗಿದರೆ ಒಳಗೆ ಗೇರಿದೆ. ಎರಡೂ ಕಡೆ ಸಲೀಸಾದರೆ ಭಂಗಾರದವನಿಗೇ ಬಿಡುವುದು ವಾಸಿ.

ಆ ಮೂರು ದಪ್ಪ ತಂತಿಗಳನ್ನು ಆರು ಡಯೋಡಿನ ತ್ರೀ ಫೇಸ್ ರೆಕ್ಟಿಫೈಯರಿಗೆ ಜೋಡಿಸಿದರೆ ಬ್ಯಾಟರಿಗೆ ಬೇಕಾದ ನೇರ ವಿದ್ಯುತ್ ಸಿಗುತ್ತದೆ. ಸಣ್ಣ ತಂತಿಗಳಿಗೆ ಇಲ್ಲಿ ಕೆಲಸವಿಲ್ಲ.

250 ವ್ಯಾಟ್ ಎಂಬ ಮರೀಚಿಕೆ

ಮೋಟರಿನ ಮೇಲೆ 250 ವ್ಯಾಟ್ ಎಂದು ಬರೆದಿದೆ ಎಂದಮೇಲೆ ಅಷ್ಟು ಕರೆಂಟು ಸಿಗುತ್ತದೆ ಎಂದು ನಂಬಿದವರು ಮೋಸ ಹೋಗುತ್ತಾರೆ. ಕರೆಂಟು ಕೊಡುವುದು ಮೋಟರಲ್ಲ, ಗಾಳಿ. ಗಾಳಿಯ ವೇಗ ಎರಡರಷ್ಟಾದರೆ ಅದರ ಶಕ್ತಿ ಎಂಟರಷ್ಟಾಗುತ್ತದೆ. ವೇಗ ಅರ್ಧವಾದರೆ ಶಕ್ತಿ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅದರಲ್ಲೂ ಶೇ. 59ಕ್ಕಿಂತ ಹೆಚ್ಚು ಹಿಡಿಯಲು ಯಾವ ಗಾಳಿಯಂತ್ರಕ್ಕೂ ಸಾಧ್ಯವಿಲ್ಲ ಎಂದು ಜರ್ಮನಿಯ ಆಲ್ಬರ್ಟ್ ಬೆಟ್ಜ್ ನೂರು ವರ್ಷಗಳ ಹಿಂದೆಯೇ ತೋರಿಸಿದ್ದಾರೆ. ಮನೆಯಲ್ಲಿ ಮಾಡಿದ ಯಂತ್ರ ಕಾಲು ಭಾಗ ಹಿಡಿದರೆ ಅದೇ ದೊಡ್ಡದು.

ಐದು ಅಡಿ, ಅಂದರೆ ಒಂದೂವರೆ ಮೀಟರ್ ವ್ಯಾಸದ ರೆಕ್ಕೆ ಚಕ್ರ ಇಟ್ಟುಕೊಳ್ಳಿ. ಸೆಕೆಂಡಿಗೆ 3 ಮೀಟರ್ ಬೀಸುವ ಗಾಳಿಯಲ್ಲಿ ಸಿಗುವುದು ಆರೇಳು ವ್ಯಾಟ್. 4 ಮೀಟರಿಗೆ 15 ವ್ಯಾಟ್. 8 ಮೀಟರ್ ಬೀಸಿದರೆ ಮಾತ್ರ 120 ವ್ಯಾಟ್. ಮೂರು ಅಶ್ವಶಕ್ತಿಯ ಪಂಪಿಗೆ ಬೇಕಾದ್ದು 2200 ವ್ಯಾಟಿಗೂ ಹೆಚ್ಚು. ಹಾಗಾಗಿ ಕಬ್ಬಿಗೆ ನೀರು ಹಾಯಿಸುವ ಕನಸು ಇಲ್ಲಿಗೇ ಬಿಡಬೇಕು.

ಇನ್ನು ಸಿಗುವುದೇನು? 15 ವ್ಯಾಟಿನಂತೆ ಇಡೀ ದಿನ ಗಾಳಿ ಬೀಸಿದರೆ ಮೂರನೇ ಒಂದು ಯೂನಿಟ್. ಎರಡು ಎಲ್‌ಇಡಿ ದೀಪ ರಾತ್ರಿಯಿಡೀ, ಎರಡು ಮೊಬೈಲ್ ಚಾರ್ಜ್, ಸ್ವಲ್ಪ ಹೊತ್ತು ರೇಡಿಯೋ. ಬಿಲ್ಲಿನ ಲೆಕ್ಕದಲ್ಲಿ ಇದು ಏನೂ ಅಲ್ಲ. ಕತ್ತಲಲ್ಲಿ ಹಾವಿನ ಭಯದಿಂದ ಕಾಲಿಡುವವನಿಗೆ ಸಣ್ಣದೂ ಅಲ್ಲ.

ಸೂರ್ಯ ಮೊದಲು, ಗಾಳಿ ಆಮೇಲೆ

ಪ್ರಾಮಾಣಿಕವಾಗಿ ಹೇಳಬೇಕಾದ ಮಾತೊಂದಿದೆ. ಒಳ್ಳೆಯ ಬಿಸಿಲಿನ ದಿನ 100 ವ್ಯಾಟಿನ ಒಂದು ಸೌರ ಫಲಕ ಕೊಡುವ ಕರೆಂಟೂ ಹೆಚ್ಚುಕಡಿಮೆ ಇಷ್ಟೇ. ಅದಕ್ಕೆ ತಿರುಗುವ ಭಾಗವಿಲ್ಲ, ಕಂಬ ಬೇಡ, ಮುರಿಯುವ ರೆಕ್ಕೆ ಇಲ್ಲ. ಸೋಲಾಪುರದ ಬಿಸಿಲು ಯಾರಿಗೆ ಗೊತ್ತಿಲ್ಲ? ಕೈಯಲ್ಲಿ ಹಣವಿದ್ದು ಒಂದನ್ನೇ ಕೊಳ್ಳುವುದಾದರೆ ಫಲಕವೇ ಜಾಣತನ.

ಆದರೆ ಗಾಳಿಗೂ ತನ್ನ ಪಾಳಿ ಇದೆ. ಈ ಸೀಮೆಯಲ್ಲಿ ಮೃಗಶಿರಾ ಹಿಡಿದ ಮೇಲೆ ಪಶ್ಚಿಮದ ಗಾಳಿ ಜೋರಾಗಿ, ಆಷಾಢದಲ್ಲಿ ಹಗಲು ರಾತ್ರಿ ಎನ್ನದೆ ಬೀಸುತ್ತದೆ. ಮೋಡ ಕವಿದು ಸೌರ ಫಲಕ ಮಂಕಾಗುವುದೂ ಅದೇ ತಿಂಗಳುಗಳಲ್ಲಿ. ದಸರೆ ಮುಗಿದ ಮೇಲೆ ಗಾಳಿ ಬೀಳುತ್ತದೆ, ಆಗ ಆಕಾಶ ತಿಳಿಯಾಗಿ ಬಿಸಿಲು ಬರುತ್ತದೆ. ಒಂದೇ ಬ್ಯಾಟರಿಗೆ ಎರಡನ್ನೂ ಜೋಡಿಸಿದರೆ ಒಂದು ಕೈಕೊಟ್ಟಾಗ ಇನ್ನೊಂದು ಹಿಡಿಯುತ್ತದೆ. ಮೋಟರ್ ಭಂಗಾರದ ಬೆಲೆಗೆ ಸಿಕ್ಕು, ಹಳೆಯ ಬೋರಿನ ಪೈಪು ಮನೆಯಲ್ಲೇ ಇದ್ದು, ಬೆಸುಗೆ ಬಲ್ಲ ಹುಡುಗನೊಬ್ಬ ಊರಲ್ಲಿದ್ದರೆ ಗಾಳಿಯಂತ್ರದ ಲೆಕ್ಕ ಕೂಡುತ್ತದೆ. ಎಲ್ಲವನ್ನೂ ಪೇಟೆಯಿಂದ ಹೊಸದಾಗಿ ತಂದರೆ ಕೂಡುವುದಿಲ್ಲ.

ಮಾಡಿ ತೋರಿಸಿದವರು

ಆಫ್ರಿಕಾದ ಮಲಾವಿ ದೇಶದಲ್ಲಿ 2001–02ರ ಬರಗಾಲದಲ್ಲಿ ಫೀ ಕಟ್ಟಲಾಗದೆ ಶಾಲೆ ಬಿಟ್ಟ ಹುಡುಗ ವಿಲಿಯಂ ಕಾಮ್‌ಕ್ವಾಂಬಾ, ಗ್ರಂಥಾಲಯದ ಪುಸ್ತಕದ ಚಿತ್ರ ನೋಡಿ ಗಾಳಿಯಂತ್ರ ಕಟ್ಟಿದ. ಟ್ರ್ಯಾಕ್ಟರಿನ ಫ್ಯಾನ್, ಪಿವಿಸಿ ಪೈಪಿನ ರೆಕ್ಕೆ, ಸೈಕಲ್ಲಿನ ಡೈನಮೋ. ಮನೆಯಲ್ಲಿ ದೀಪ ಉರಿಯಿತು. ಆ ಕಥೆ ಮುಂದೆ ಪುಸ್ತಕವಾಯಿತು, 2019ರಲ್ಲಿ ಸಿನಿಮಾ ಆಯಿತು.

ಅಷ್ಟು ದೂರವೇಕೆ? ಗದಗ ಜಿಲ್ಲೆಯ ರೈತ ಸಿದ್ದಪ್ಪ ಕಾಲುವೆಯ ಹರಿವಿನಿಂದ ತಿರುಗುವ ಚಕ್ರ ಮಾಡಿ, ಸುಮಾರು 5 ಸಾವಿರ ರೂಪಾಯಿಯಲ್ಲಿ 150 ವ್ಯಾಟ್ ವಿದ್ಯುತ್ ಪಡೆದದ್ದು 2020ರಲ್ಲಿ ದೇಶಕ್ಕೆಲ್ಲ ಗೊತ್ತಾಯಿತು. ಕ್ರಿಕೆಟಿಗ ವಿ.ವಿ.ಎಸ್. ಲಕ್ಷ್ಮಣ್ ಅದನ್ನು ಹೊಗಳಿ ಬರೆದಿದ್ದರು. ಇಬ್ಬರಲ್ಲೂ ಸಮಾನವಾದದ್ದು ಒಂದು: ಕೈಗೆ ಸಿಕ್ಕ ಸಾಮಾನಿಗೆ ಹೊಂದುವ ಕೆಲಸವನ್ನೇ ಆರಿಸಿಕೊಂಡರು.

ಹುಷಾರಾಗಿರಬೇಕಾದ್ದು

ಗಾಳಿಯಂತ್ರ ಫ್ಯಾನ್ ಅಲ್ಲ, ಬಟನ್ ಒತ್ತಿದರೆ ನಿಲ್ಲುವುದಿಲ್ಲ. ವಳವಾಯಿ ಮಳೆಯ ಬಿರುಗಾಳಿಯಲ್ಲಿ ರೆಕ್ಕೆ ಬಿಚ್ಚಿ ಹಾರಿದರೆ ಅದು ಕೊಡಲಿಯೇ ಸರಿ. ಜೋರು ಗಾಳಿಗೆ ಚಕ್ರ ತಾನಾಗಿ ಪಕ್ಕಕ್ಕೆ ಹೊರಳುವಂಥ ಬಾಲ ಇರಲೇಬೇಕು. ಬ್ಯಾಟರಿ ತುಂಬಿದ ಮೇಲೂ ಕರೆಂಟು ಬರುತ್ತಲೇ ಇರುವುದರಿಂದ, ಹೆಚ್ಚಾದದ್ದನ್ನು ಸುಡಲು ಹೀಟರ್ ತಂತಿಯ ಲೋಡ್ ಬೇಕು. ಮನೆಯ ಮಾಳಿಗೆ ಮೇಲೆ ನಿಲ್ಲಿಸಬಾರದು. ನಡುಕಕ್ಕೆ ಗೋಡೆ ಬಿರಿಯುತ್ತದೆ. ಬೇವಿನ ಮರದ ಮರೆಯಲ್ಲಿ ನಿಲ್ಲಿಸಿದರೆ ಗಾಳಿಯೇ ಸಿಗುವುದಿಲ್ಲ. ಹೈಟೆನ್ಷನ್ ತಂತಿಯ ಹತ್ತಿರವಂತೂ ಕಂಬ ಎತ್ತಲೇಬಾರದು.

ಸೈಕಲ್ಲಿನ ಸತ್ತ ಲಿಥಿಯಂ ಬ್ಯಾಟರಿಯನ್ನೇ ಮತ್ತೆ ಬಳಸುವ ಆಸೆ ಬೇಡ, ಬೆಂಕಿ ಹತ್ತುತ್ತದೆ. ಈ ಕರೆಂಟನ್ನು ಮಹಾವಿತರಣ ಅಥವಾ ಹೆಸ್ಕಾಂ ಲೈನಿಗೆ ಸೇರಿಸುವುದು ಇನ್ನೂ ಅಪಾಯ. ಲೈನ್ ಬಂದ್ ಇದೆ ಎಂದು ಕಂಬ ಹತ್ತಿದ ಲೈನ್‌ಮನ್ನನ ಜೀವಕ್ಕೆ ಅದು ಕುತ್ತು.

ಯೋಜನೆಯಲ್ಲಿ ಗಾಳಿಗೆ ಜಾಗವಿಲ್ಲ

ಸಣ್ಣ ಗಾಳಿಯಂತ್ರಕ್ಕೂ ಗಾಳಿ–ಸೌರ ಜೋಡಿ ಯಂತ್ರಕ್ಕೂ ಕೇಂದ್ರ ಸರಕಾರ ಒಂದು ಕಾಲಕ್ಕೆ ಸಹಾಯಧನ ಕೊಡುತ್ತಿತ್ತು. 12ನೇ ಪಂಚವಾರ್ಷಿಕ ಯೋಜನೆಯೊಂದಿಗೆ 2017ಕ್ಕೆ ಅದು ಮುಗಿಯಿತು. ಆಮೇಲೆ ಬಂದ ಕುಸುಮ್, 2024ರ ಸೂರ್ಯಘರ್ ಎಲ್ಲವೂ ಸೂರ್ಯನವೇ. ಸೂರ್ಯಘರ್‌ನಲ್ಲಿ 3 ಕಿಲೋವ್ಯಾಟಿಗೆ 78 ಸಾವಿರ ರೂಪಾಯಿ ಸಹಾಯಧನವಿದೆ, ಆದರೆ ಅದು ಮೀಟರ್ ಇರುವ ಮನೆಗೆ. ಸೂರ್ಯನನ್ನು ಆರಿಸಿದ್ದು ತಪ್ಪಲ್ಲ, ಮೇಲಿನ ಲೆಕ್ಕವೂ ಅದನ್ನೇ ಹೇಳುತ್ತದೆ. ತಪ್ಪಿರುವುದು ಮೀಟರಿಲ್ಲದ ವಸ್ತಿಯನ್ನು ಯಾರೂ ಎಣಿಸದಿರುವುದರಲ್ಲಿ.

ಇದಕ್ಕೆ ಕೋಟಿಗಟ್ಟಲೆ ಬೇಡ. ಸೋಲಾಪುರದ ಸರಕಾರಿ ಐಟಿಐ ವಿಜಾಪುರ ರಸ್ತೆಯಲ್ಲೇ ಇದೆ. ಇಲೆಕ್ಟ್ರಿಷಿಯನ್, ವೆಲ್ಡರ್ ಕಲಿಯುವ ಹುಡುಗರಿಗೆ ಭಂಗಾರದ ನಾಲ್ಕು ಮೋಟರ್ ಕೊಟ್ಟು, ಒಂದು ವರ್ಷ ಗಾಳಿಯನ್ನೂ ಕರೆಂಟನ್ನೂ ಅಳೆಯಲು ಹೇಳಿದರೆ ಸಾಕು. ಯಾವ ಊರಿನ ದಿಬ್ಬದ ಮೇಲೆ ಎಷ್ಟು ಸಿಗುತ್ತದೆ ಎಂಬುದು ಅಂದಾಜಿನಿಂದ ಅಂಕಿಗೆ ಬರುತ್ತದೆ. ಆ ಅಂಕಿಗಳನ್ನು ಮರಾಠಿಯಲ್ಲೂ ಕನ್ನಡದಲ್ಲೂ ಗ್ರಾಮಪಂಚಾಯಿತಿ ಗೋಡೆಗೆ ಬರೆಸಲಿ. ವಸ್ತಿಗಳ ಪಟ್ಟಿಯನ್ನೂ ಜೊತೆಗೇ ಮಾಡಲಿ.

2022ರ ಕೊನೆಯಲ್ಲಿ ಅಕ್ಕಲಕೋಟ, ಜತ್ತ ತಾಲ್ಲೂಕುಗಳ ಕೆಲವು ಹಳ್ಳಿಗಳು ಕರ್ನಾಟಕಕ್ಕೆ ಸೇರುತ್ತೇವೆ ಎಂದಾಗ ಎರಡೂ ರಾಜಧಾನಿಗಳಲ್ಲಿ ಗದ್ದಲವಾಯಿತು. ಆ ಹಳ್ಳಿಗಳು ಮುಂದಿಟ್ಟಿದ್ದು ನೀರು, ರಸ್ತೆಯಂಥ ದಿನನಿತ್ಯದ ದೂರುಗಳನ್ನು. ಗಡಿ ಎಲ್ಲಿ ನಿಲ್ಲಬೇಕೆಂಬುದನ್ನು ನ್ಯಾಯಾಲಯ ಹೇಳಲಿ. ಅಲ್ಲಿಯವರೆಗೆ ಆಷಾಢದ ಗಾಳಿ ಭೀಮೆಯ ಎರಡೂ ದಂಡೆಯ ಮೇಲೆ ಒಂದೇ ಸಮ ಬೀಸುತ್ತಿರುತ್ತದೆ. ಅಳೆದು ತೂರಿಕೊಂಡವನ ಮನೆಗೆ ಎರಡು ದೀಪ. ಅಳೆಯದೆ ದುಡ್ಡು ಹಾಕಿದವನಿಗೆ ಬರೀ ಹೊಟ್ಟು.