ಊರನ್ನು ಕೊಂದದ್ದು ಟೆಲಿವಿಷನ್ ಅಲ್ಲ

ಪೀಟರ್ ಬೊಗ್ಡಾನೊವಿಚ್ 1971ರಲ್ಲಿ ತೆಗೆದ ‘ದಿ ಲಾಸ್ಟ್ ಪಿಕ್ಚರ್ ಷೋ’ ಚಲಚ್ಚಿತ್ರದ ಮಾತೆತ್ತಿದೊಡನೆ ನಮ್ಮ ರಸಿಕ ಮಹಾಶಯರು ಒಂದು ನಿಟ್ಟುಸಿರು ಬಿಡುತ್ತಾರೆ. ‘ಕಳೆದುಹೋದ ಕಾಲದ ಎಂಥ ಹಂಬಲ! ಟೆಲಿವಿಷನ್ ಬಂತು, ಚಿತ್ರಮಂದಿರ ಮುಚ್ಚಿತು, ಊರು ಹಾಳಾಯಿತು’ ಎಂದು ಅದರ ಸಾರವನ್ನೂ ಅವರೇ ಹೇಳಿ ಮುಗಿಸುತ್ತಾರೆ. ಈ ನಿಟ್ಟುಸಿರಿನ ಮೇಲೆ ನನ್ನ ತಕರಾರಿದೆ. ನಾನು ಕಂಡಂತೆ ಆ ಚಿತ್ರ ಊರಿನ ಹಿರಿಯರ ಮೇಲೆ ಹೂಡಿದ ಒಂದು ದಾವೆ. ಅದನ್ನು ಶೋಕಗೀತೆಯೆಂದು ಕರೆದು ಪ್ರತಿವಾದಿಗಳನ್ನು ಬಿಟ್ಟುಬಿಡುವುದು ನ್ಯಾಯವಲ್ಲ.

ನೋಡದವರಿಗಾಗಿ ಎರಡು ಮಾತು. ಲ್ಯಾರಿ ಮೆಕ್‌ಮರ್ಟ್ರಿಯ 1966ರ ಕಾದಂಬರಿ ಇದಕ್ಕೆ ಆಧಾರ. ಚಿತ್ರೀಕರಣ ನಡೆದದ್ದು ಆತ ಬೆಳೆದ ಟೆಕ್ಸಾಸ್‌ನ ಆರ್ಚರ್ ಸಿಟಿಯಲ್ಲಿ. ಕಥೆಯೊಳಗೆ ಊರಿನ ಹೆಸರು ಆನರೀನ್, ಕಾಲ 1951–52. ಸಾನಿ, ಡ್ವೇನ್ ಇಬ್ಬರೂ ಹೈಸ್ಕೂಲಿನ ಕೊನೆಯ ವರ್ಷದ ಹುಡುಗರು. ಜೇಸಿ ಊರಿನ ಶ್ರೀಮಂತರ ಮಗಳು. ಸ್ಯಾಮ್ ಎಂಬ ಮುದುಕನಿಗೆ ಒಂದು ಹೋಟೆಲು, ಒಂದು ಬಿಲಿಯರ್ಡ್ಸ್ ಕೋಣೆ, ಒಂದು ಚಿತ್ರಮಂದಿರ ಇವೆ. ಮಾತು ಬಾರದ ಬಿಲ್ಲಿ ಎಂಬ ಹುಡುಗ ಪೊರಕೆ ಹಿಡಿದು ಆ ಊರಿನ ಧೂಳಿನ ಬೀದಿಯನ್ನು ಸದಾ ಗುಡಿಸುತ್ತಿರುತ್ತಾನೆ. ಸ್ಯಾಮ್ ಸಾಯುತ್ತಾನೆ, ಚಿತ್ರಮಂದಿರ ಮುಚ್ಚುತ್ತದೆ, ಡ್ವೇನ್ ಕೊರಿಯಾದ ಯುದ್ಧಕ್ಕೆ ಹೊರಡುತ್ತಾನೆ, ಸಾನಿ ಉಳಿಯುತ್ತಾನೆ. ಕಥೆ ಇಷ್ಟೇ.

ಈಗ ವಾದಕ್ಕೆ ಬರೋಣ. ಟೆಲಿವಿಷನ್ನಿನಿಂದ ಜನ ಬರುವುದು ನಿಂತಿತು ಎಂಬ ಮಾತು ಚಿತ್ರದಲ್ಲಿ ಇರುವುದು ನಿಜ. ಆದರೆ ಅದನ್ನು ಹೇಳುವವಳು ಯಾರು? ಸ್ಯಾಮ್ ಸತ್ತ ಮೇಲೆ ಚಿತ್ರಮಂದಿರವನ್ನು ನಡೆಸಲಾರದೆ ಸೋತ ಮಿಸ್ ಮೋಸಿ ಎಂಬ ಮುದುಕಿ. ಪಾತ್ರವೊಂದು ಆಡಿದ ಮಾತನ್ನು ಕೃತಿಯ ತೀರ್ಪೆಂದು ಬರೆದರೆ ನಾನು ಬಿ.ಎ. ವಿದ್ಯಾರ್ಥಿಗೂ ಅಂಕ ಕೊಡುವುದಿಲ್ಲ. ವಿಮರ್ಶಕರಿಗೆ ಏಕೆ ಕೊಡಲಿ?

ಹಳೆಯ ಕಾಲ ಚೆನ್ನಾಗಿತ್ತು ಎನ್ನುವವರು ಕೆರೆಯ ದಂಡೆಯಲ್ಲಿ ಸ್ಯಾಮ್ ಆಡುವ ಮಾತುಗಳನ್ನು ಸಾಕ್ಷಿಗೆ ಕರೆಯುತ್ತಾರೆ. ಇಪ್ಪತ್ತು ವರ್ಷದ ಹಿಂದೆ ಒಬ್ಬ ತರುಣಿಯನ್ನು ಇಲ್ಲಿಗೆ ಕರೆತಂದಿದ್ದೆ ಎಂದು ಆತ ನೆನೆಯುತ್ತಾನೆ. ಮಾತು ಸುಂದರವಾಗಿದೆ, ಒಪ್ಪಿದೆ. ಆದರೆ ಆ ತರುಣಿ ಆಗಲೇ ಮತ್ತೊಬ್ಬನ ಹೆಂಡತಿ. ಆ ಸುಖ ಸಿಕ್ಕಿದ್ದು ಊರಿನ ಹೊರಗೆ, ಊರಿನ ಕಣ್ಣು ತಪ್ಪಿಸಿ. ಆಕೆ ಜೇಸಿಯ ತಾಯಿ ಲೋಯಿಸ್ ಎಂದು ಮುಂದೆ ತಿಳಿಯುತ್ತದೆ. ಆಕೆಯೂ ಆ ನೆನಪೊಂದನ್ನೇ ಹಿಡಿದು ಬದುಕಿದವಳು. ಅಂದಮೇಲೆ ಆ ಚಿನ್ನದ ಕಾಲದಲ್ಲೂ ಆನರೀನ್ ತನ್ನವರಿಗೆ ಕೊಟ್ಟದ್ದೇನು?

ಕಪ್ಪು-ಬಿಳುಪಿನಲ್ಲಿ ತೆಗೆದದ್ದೇ ಹಂಬಲಕ್ಕೆ ಗುರುತು ಎಂಬುದು ಇನ್ನೊಂದು ವಾದ. ಅವರು ಕಣ್ಣಿನ ಜೊತೆಗೆ ಕಿವಿಯನ್ನೂ ತೆರೆಯಬೇಕು. ಈ ಚಿತ್ರಕ್ಕೆ ಹಿನ್ನೆಲೆ ಸಂಗೀತವಿಲ್ಲ. ರೇಡಿಯೋ ಹಾಕಿದರೆ ಹಾಡು, ನಿಲ್ಲಿಸಿದರೆ ಬರಿಯ ಗಾಳಿಯ ಸದ್ದು. ಹಳೆಯ ದಿನಗಳಿಗಾಗಿ ನಮ್ಮನ್ನು ಅಳಿಸಬೇಕೆಂದಿದ್ದ ನಿರ್ದೇಶಕ ಪಿಟೀಲುಗಳನ್ನು ಮನೆಯಲ್ಲಿ ಬಿಟ್ಟು ಬರುತ್ತಿದ್ದನೆ?

ಆ ಊರಿನ ಹಿರಿಯರನ್ನು ಒಮ್ಮೆ ನೋಡಿ. ಹುಡುಗರು ಫುಟ್‌ಬಾಲ್ ಸೋತರೆ ಕಂಡಕಂಡವರೆಲ್ಲ ನಿಲ್ಲಿಸಿ ಹಂಗಿಸುತ್ತಾರೆ. ಅದರಾಚೆಗೆ ಹುಡುಗರಲ್ಲಿ ಅವರಿಗೆ ಆಸಕ್ತಿಯಿಲ್ಲ. ಸಾನಿಯ ತಂದೆ ಬದುಕಿದ್ದಾನೆ. ಹಬ್ಬದ ಕೂಟದಲ್ಲಿ ಎದುರಾದರೆ ತಂದೆ-ಮಗನ ನಡುವೆ ನಾಲ್ಕು ಮಾತಿಗೂ ಬರ. ಆಟ ಕಲಿಸುವ ಮೇಷ್ಟ್ರ ಹೆಂಡತಿ ರೂತ್ ಮನೆಯೊಳಗೇ ಒಂಟಿಯಾಗಿ ಒಣಗುತ್ತಾಳೆ. ಇಂಗ್ಲಿಷ್ ಮೇಷ್ಟ್ರು ತರಗತಿಗೆ ಬಂದು, ಕೀಟ್ಸ್ ಕವಿಯಲ್ಲಿ ನಿಮಗೆ ಆಸಕ್ತಿ ಹುಟ್ಟಿಸುವ ಆಸೆಯೇನಾದರೂ ಇದೆಯೇ ಎಂದು ಮೊದಲೇ ಸೋತ ದನಿಯಲ್ಲಿ ಕೇಳುತ್ತಾರೆ. ಇಲ್ಲ ಎಂಬ ಉತ್ತರ ಬರುತ್ತದೆ. ಪಾಠ ಹೇಳುವ ಕಸುಬಿನವನಾದ ನನಗೆ ಅದು ನಗುವ ದೃಶ್ಯವಾಗಿ ಕಾಣಲಿಲ್ಲ. ತಪ್ಪಿಗೆ ಶಿಕ್ಷೆಯನ್ನೂ ಕ್ಷಮೆಯನ್ನೂ ಕೊಡಬಲ್ಲ ಹಿರಿಯ ಸ್ಯಾಮ್ ಒಬ್ಬನೇ. ಅವನ ಪಾತ್ರದ ಬೆನ್ ಜಾನ್ಸನ್, ರೂತ್ ಪಾತ್ರದ ಕ್ಲೋರಿಸ್ ಲೀಚ್‌ಮನ್ ಇಬ್ಬರಿಗೂ ಆಸ್ಕರ್ ಬಂತು. ಹರೆಯದ ಚಿತ್ರವೆಂದು ಹೆಸರಾದ ಇದರ ಭಾರವೆಲ್ಲ ಯಾರ ಹೆಗಲ ಮೇಲಿದೆಯೆಂಬುದು ಇದರಿಂದಲೇ ತಿಳಿಯುತ್ತದೆ.

ಇನ್ನು ಕೊನೆಯ ಸಾಕ್ಷಿ. ಬೀದಿ ಗುಡಿಸುತ್ತಿದ್ದ ಬಿಲ್ಲಿ ಲಾರಿಗೆ ಸಿಕ್ಕಿ ಸಾಯುತ್ತಾನೆ. ಸುತ್ತ ನೆರೆದ ಗಂಡಸರು ಚಾಲಕನ ತಪ್ಪೇನಿಲ್ಲವೆಂದು ಸಮಾಧಾನ ಹೇಳುತ್ತ, ಈ ಹುಡುಗನಿಗೆ ಬೀದಿಯಲ್ಲಿ ಏನು ಕೆಲಸವಿತ್ತೆಂದು ಬೇಸರಪಡುತ್ತಾರೆ. ಗುಡಿಸುತ್ತಿದ್ದ ಎಂದು ಸಾನಿ ಕೂಗುತ್ತಾನೆ. ಹುಟ್ಟಿದಂದಿನಿಂದ ಕಂಡ ಹುಡುಗನ ಹೆಣ ಬಿದ್ದಿರುವಾಗ ಹೀಗೆ ಮಾತಾಡಬಲ್ಲ ಊರು ಚಿತ್ರಮಂದಿರ ಮುಚ್ಚುವ ಬಹಳ ಮೊದಲೇ ಸತ್ತಿತ್ತು. ಅಮೆರಿಕದ ಫೀನಿಕ್ಸ್ ನಗರದಲ್ಲಿ 1973ರಲ್ಲಿ ಈ ಚಿತ್ರವನ್ನು ಅಶ್ಲೀಲವೆಂದು ತಡೆಯಲು ಹೊರಟಿದ್ದರು. ಅಶ್ಲೀಲವಲ್ಲವೆಂದು ಫೆಡರಲ್ ನ್ಯಾಯಾಲಯ ತೀರ್ಮಾನಿಸಿತು. ಈಜುಕೊಳದ ಬೆತ್ತಲೆಯನ್ನು ಕಂಡು ನಾಚಿದವರಿಗೆ ಬಿಲ್ಲಿಯ ಹೆಣದ ಸುತ್ತಲಿನ ಮಾತಿನಲ್ಲಿ ನಾಚುವಂಥದ್ದೇನೂ ಕಾಣದಿದ್ದುದು ಸೋಜಿಗ.

ಟೆಕ್ಸಾಸ್‌ನ ಮಾತು ನಮಗೇಕೆ ಎನ್ನುವಿರಾ? ಸಣ್ಣ ಊರುಗಳಿಂದ ನನ್ನ ತರಗತಿಗೆ ಬರುವ ಹುಡುಗ ಹುಡುಗಿಯರು ‘ಊರಲ್ಲಿ ಏನೂ ಇಲ್ಲ ಸಾರ್’ ಎನ್ನುತ್ತಾರೆ. ಬಿಡಿಸಿ ಕೇಳಿದರೆ, ಕೂತು ಮಾತಾಡುವವರು ಯಾರೂ ಇಲ್ಲವೆಂಬುದೇ ಅದರ ಅರ್ಥವಾಗಿರುತ್ತದೆ. ಅವರ ಹಿರಿಯರು ಅಂದು ಟೆಲಿವಿಷನ್ನನ್ನು ಬೈದರು, ಇಂದು ಮೊಬೈಲನ್ನು ಬೈಯುತ್ತಾರೆ. ಯಂತ್ರವನ್ನು ಬೈಯುವುದು ಸುಲಭ. ಅದು ತಿರುಗಿ ಕೇಳುವುದಿಲ್ಲ. ಹುಡುಗರು ಕೇಳುತ್ತಾರೆ. ಅವರಿಗೆ ಉತ್ತರ ಕೊಡುವ ಸರದಿ ನಮ್ಮದು, ನಿಟ್ಟುಸಿರು ಉತ್ತರವಾಗಲಾರದು.